ತಾಮ್ರ ಸುತ್ತುವ ಕೈಗಳು

ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವವರ ಬೆರಳು ನೋಡಬೇಕು. ವಾರ್ನಿಷ್ ವಾಸನೆಯ ನಡುವೆ, ಕೂದಲೆಳೆಯಂಥ ತಾಮ್ರದ ತಂತಿ ಒಂದರ ಮೇಲೊಂದು ಏರದಂತೆ ಬೆರಳ ತುದಿಯಲ್ಲೇ ತಡೆದು ಸಾಲು ಕಟ್ಟುತ್ತಾರೆ.

ಮನೆಯಲ್ಲೇ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕಟ್ಟುವವರಿಗೆ ಬೇಕಾದದ್ದು ಇದೇ ಕೈ. ಪಕ್ಕದ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ತಯಾರಿಸುತ್ತಿದ್ದ ಇಎಲ್84 ವಾಲ್ವುಗಳ ಪುಶ್-ಪುಲ್ ಜೋಡಿ ಸುಮಾರು 8,000 ಓಮ್ ಹೊರೆ ಬಯಸುತ್ತದೆ. ಸ್ಪೀಕರಿನದು ಬರೀ 8. ಇವೆರಡನ್ನೂ ಹೊಂದಿಸುವುದು ನಡುವಿನ ಟ್ರಾನ್ಸ್‌ಫಾರ್ಮರ್. ಅನುಪಾತ 1,000, ಅದರ ವರ್ಗಮೂಲದಂತೆ, ಸುತ್ತುಗಳು ಸುಮಾರು 32ಕ್ಕೆ 1. ಲೆಕ್ಕ ಯಾರಾದರೂ ಮಾಡಿಯಾರು. ವಾಲ್ವ್ ಕಡೆಯ ಪ್ರೈಮರಿಯನ್ನು ಒಡೆದು, ನಡುನಡುವೆ ಸ್ಪೀಕರ್ ಕಡೆಯ ಸೆಕೆಂಡರಿ ಪದರ ಕೂರಿಸಿ, ತಾರಸ್ಥಾಯಿ ಮಂಕಾಗದಂತೆ ಕಾಯುವುದಿದೆಯಲ್ಲ, ಅದು ಕಸುಬು!

ಕೊಳ್ಳುವವರು ವಾಟ್ ಕೇಳುತ್ತಾರೆ. ನಾನಾದರೆ ಮೊದಲು ಟ್ರಾನ್ಸ್‌ಫಾರ್ಮರನ್ನು ಕೈಯಲ್ಲೆತ್ತಿ ತೂಕ ನೋಡುತ್ತೇನೆ: ಕಬ್ಬಿಣ ಕಡಿಮೆಯಾದರೆ ಗಿಟಾರಿನ ದಪ್ಪ ತಂತಿಯ ಮಂದ್ರ ಸೊರಗುತ್ತದೆ.