ತಪ್ಪೊಪ್ಪಿಗೆ ಯಾರದು, ಸಾಕ್ಷಿ ಯಾರದು?

ದಲಿತ ಹುಡುಗನೊಬ್ಬ ಕವಿತೆ ಬರೆದ ಅಂದರೆ ನಮ್ಮ ವಿಮರ್ಶಕರ ಜೇಬಿನಲ್ಲಿ ಒಂದು ಸರ್ಟಿಫಿಕೇಟು ಸಿದ್ಧವಾಗಿರುತ್ತದೆ: 'ಅನುಭವ ಪ್ರಾಮಾಣಿಕವಾಗಿದೆ.' ಕೇಳುವುದಕ್ಕೆ ಇದು ಮೆಚ್ಚುಗೆ. ಅದರ ಬೆನ್ನಿಗೇ ಇನ್ನೊಂದು ಮಾತು ಕೂತಿರುತ್ತದೆ: ಅನುಭವ ಬಿಟ್ಟರೆ ಇವನ ಹತ್ತಿರ ಬೇರೇನೂ ಇಲ್ಲ. ಸ್ವಂತ ಬದುಕನ್ನು ಕಾವ್ಯಕ್ಕೆ ತರುವುದೆಂದರೆ ಏನು, ಅದಕ್ಕೆ ಬೆಲೆ ತೆರುವವರು ಯಾರು ಎಂಬುದನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ. ಈ ಪ್ರಶ್ನೆಯನ್ನು ಬಿಡಿಸಲು ಅಮೆರಿಕದ 'ಕನ್ಫೆಷನಲ್' ಕವಿಗಳ ಕಥೆ ಒಳ್ಳೆಯ ಪಾಠ.

1959ರಲ್ಲಿ ರಾಬರ್ಟ್ ಲೊವೆಲ್ 'ಲೈಫ್ ಸ್ಟಡೀಸ್' ಪ್ರಕಟಿಸಿದ. ಅದೇ ವರ್ಷ ಎಂ. ಎಲ್. ರೋಸೆಂತಾಲ್ 'ದಿ ನೇಷನ್' ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸುತ್ತ ಈ ಬಗೆಯ ಕಾವ್ಯಕ್ಕೆ 'ಕನ್ಫೆಷನ್' ಎಂಬ ಹೆಸರು ಕೊಟ್ಟ. ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಎಲಿಯಟ್ಟನ ಮಾತು. ಒಳ್ಳೆಯ ಕವಿತೆಯಲ್ಲಿ ಕವಿಯ ಸ್ವಂತ ವ್ಯಕ್ತಿತ್ವ ಕಾಣಿಸಬಾರದು ಅಂತ 1919ರ ಪ್ರಬಂಧದಲ್ಲಿ ಅವನು ವಾದಿಸಿದ್ದ. ನಮ್ಮ ನವ್ಯ ವಿಮರ್ಶೆಯೂ ಅದೇ ಗರಡಿಯಲ್ಲಿ ಪಳಗಿದ್ದು. ಲೊವೆಲ್ ಅದನ್ನು ಮುರಿದ. ನೌಕಾದಳದ ಅಧಿಕಾರಿಯಾಗಿದ್ದ ಅಪ್ಪನ ಸೋಲು, ಇಟಲಿಯಲ್ಲಿ ಸತ್ತ ತಾಯಿಯ ಶವ ಹಡಗಿನಲ್ಲಿ ಬಂದದ್ದು, ತಾನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ದಿನಗಳು ಎಲ್ಲವನ್ನೂ 'ನಾನು' ಎಂದೇ ಬರೆದ.

ಈ ಲೊವೆಲ್ ಯಾವ ಮನೆಯವನು? ಬಾಸ್ಟನ್ನಿನ ಹಳೆಯ ಶ್ರೀಮಂತ ಮನೆತನದವನು. ಅಂಥ ಮನೆತನಗಳನ್ನು ಅಮೆರಿಕದಲ್ಲಿ 'ಬಾಸ್ಟನ್ ಬ್ರಾಹ್ಮಣರು' ಅಂತಲೇ ಕರೆಯುತ್ತಾರೆ. ಇದು ನಾವು ಅಂಟಿಸಿದ ಹೆಸರಲ್ಲ. 1860ರಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಅಲ್ಲಿಯದೇ ಲೇಖಕ ಬಳಕೆಗೆ ತಂದದ್ದು. ಮುಚ್ಚಿದ ಬಾಗಿಲು ಇದ್ದವನು ಅದನ್ನು ತೆರೆದರೆ ಅದು ಸಾಹಸ, ಸುದ್ದಿ. ಕೇರಿಯ ಗುಡಿಸಲಿಗೆ ಅಂಥ ಬಾಗಿಲೆಲ್ಲಿತ್ತು? ಅವರ ಜಾತಿ, ಅವರು ಉಂಡದ್ದು, ಅವರು ಯಾರ ಸಾಲಕ್ಕೆ ಜೀತಕ್ಕಿದ್ದಾರೆ ಎಲ್ಲವೂ ಊರಿಗೆ ಗೊತ್ತು. ಬಯಲಿಗೆ ಎಳೆಯುವುದಕ್ಕೆ ಏನು ಉಳಿದಿದೆ?

ಹಾಗಂತ ಆ ಕಾವ್ಯವನ್ನು ಶ್ರೀಮಂತರ ಗೋಳು ಅಂತ ತಳ್ಳಿಹಾಕುವುದು ಸೋಮಾರಿತನ. ಆ್ಯನ್ ಸೆಕ್ಸ್‌ಟನ್ನಳನ್ನು ನೋಡಿ. ಪದವಿ ಇಲ್ಲದ ಗೃಹಿಣಿ. ಮನಸ್ಸು ಕುಸಿದು ಆಸ್ಪತ್ರೆ ಸೇರಿದಾಗ ಬರೆಯಲು ಹಚ್ಚಿದವನು ಅವಳ ವೈದ್ಯ. ಕಾವ್ಯ ಕಲಿಸಿದ ಮೇಷ್ಟ್ರು ಜಾನ್ ಹೋಮ್ಸ್ ಮಾತ್ರ ಇಂಥದ್ದನ್ನೆಲ್ಲ ಅಚ್ಚು ಹಾಕಿಸಬೇಡ ಅಂದ. ಅವಳು ಅವನಿಗೆ ಕವಿತೆಯಲ್ಲೇ ಉತ್ತರ ಕೊಟ್ಟು, 1960ರ ತನ್ನ ಮೊದಲ ಸಂಕಲನದಲ್ಲೇ ಅದನ್ನು ಸೇರಿಸಿದಳು. ಹುಚ್ಚು, ಗರ್ಭಪಾತ, ಮುಟ್ಟು ಇವೆಲ್ಲ ಅವಳಿಂದ ಕಾವ್ಯದ ಒಳಗೆ ಬಂದವು. ಇದು ಬಂಡಾಯವೇ. ಇನ್ನೊಂದು ವಿಷಯ: ಯುದ್ಧದಲ್ಲಿ ಸತ್ತ ತಮ್ಮನ ಬಗ್ಗೆ ಅವಳು 'ನಾನು' ಎಂದು ಬರೆದ ಕವಿತೆಯಿದೆ. ಅವಳಿಗೆ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಅಂದರೆ ಅತಿ 'ಪ್ರಾಮಾಣಿಕ' ಎನಿಸಿಕೊಂಡ ಕಾವ್ಯವೂ ಕಟ್ಟಿದ್ದೇ, ಕುಲುಮೆಯಲ್ಲಿ ಕಾಯಿಸಿ ಬಡಿದದ್ದೇ. ಅವಳಿಗಾದರೆ ಇದನ್ನು ಕಲೆ ಅನ್ನುತ್ತಾರೆ. ನಮ್ಮ ಹುಡುಗ ಬರೆದರೆ ಬರೀ ಅನುಭವ ಅನ್ನುತ್ತಾರೆ. ಯಾಕೆ?

ಸಿಲ್ವಿಯಾ ಪ್ಲಾತ್ ಎತ್ತುವ ಪ್ರಶ್ನೆ ಬೇರೆ. ಅವಳ ಅಪ್ಪ ಜರ್ಮನ್ ಮೂಲದ ಪ್ರೊಫೆಸರ್. ಅವಳಿಗೆ ಎಂಟು ವರ್ಷವಾಗಿದ್ದಾಗ, 1940ರಲ್ಲಿ, ತೀರಿಕೊಂಡ. ಅವನು ನಾತ್ಸಿಯಲ್ಲ. 1962ರಲ್ಲಿ ಬರೆದ 'ಡ್ಯಾಡಿ' ಕವಿತೆಯಲ್ಲಿ ಅವಳು ಅವನನ್ನು ನಾತ್ಸಿಯಂತೆ, ತನ್ನನ್ನು ಶಿಬಿರಕ್ಕೆ ಸಾಗುವ ಯಹೂದಿಯಂತೆ ಚಿತ್ರಿಸಿದಳು. ಕವಿತೆಯ ಕಸುವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಕ್ಷಾಂತರ ಜನರ ಸಾವು ಒಬ್ಬಳ ಮನೆಯ ಸಂಕಟಕ್ಕೆ ಉಪಮೆಯಾಗಬಹುದೇ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಈ ಜಗಳ ನಮಗೆ ಅರ್ಥವಾಗುತ್ತದೆ. ಪ್ರೇಮದಲ್ಲಿ ಸೋತ ಮೇಲ್ಜಾತಿಯ ಕವಿ 'ನಾನೂ ಅಸ್ಪೃಶ್ಯ' ಅಂದಾಗ ನಮ್ಮ ಹೊಟ್ಟೆಯಲ್ಲಿ ಏಳುವ ಸಂಕಟ ಇದೇ. ಅವನು ಬೆಳಿಗ್ಗೆ ಎದ್ದು ಆ ಉಪಮೆಯನ್ನು ಕಳಚಿಟ್ಟು ಕಾಫಿ ಕುಡಿಯಬಲ್ಲ.

ಈಗ 'ಕನ್ಫೆಷನ್' ಎಂಬ ಮಾತಿಗೇ ಬರೋಣ. ಅದು ಇಗರ್ಜಿಯ ಪಾಪನಿವೇದನೆ. ಅಲ್ಲಿ ಮಂಡಿಯೂರುವವನು ಪಾಪಿ, ಕೇಳುವವನು ಪಾದ್ರಿ, ಕೊನೆಗೆ ಸಿಗುವುದು ಕ್ಷಮೆ. ನಮ್ಮ ಕವಿ ಯಾವ ಪಾಪ ಮಾಡಿದ್ದಾನೆ? ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು ತಪ್ಪೊಪ್ಪಬೇಕೋ, ಆ ಲೋಟದಲ್ಲಿ ಕುಡಿದವನೋ? ಆದ್ದರಿಂದ ಅವಮಾನದ ಬಗ್ಗೆ ನಮ್ಮವರು ಬರೆಯುವುದು ಸಾಕ್ಷಿ. ಸಾಕ್ಷಿ ಹೇಳುವವನು ಮಂಡಿಯೂರುವುದಿಲ್ಲ, ನಿಂತು ಹೇಳುತ್ತಾನೆ. ಎಲ್ಲಿ, ಯಾವಾಗ, ಯಾರು ಅನ್ನುವುದನ್ನು ಬಿಡದೆ ಹೇಳುತ್ತಾನೆ. ಇನ್ನು ಒಪ್ಪಿಕೊಳ್ಳಬೇಕಾದದ್ದು ಗಂಡು ಕವಿಗೆ ಬೇರೆ ಇದೆ. ವೇದಿಕೆಯಲ್ಲಿ ಸಮಾನತೆ ಹಾಡಿ ಮನೆಯಲ್ಲಿ ಹೆಂಡತಿಯ ಮೇಲೆ ಕೈ ಮಾಡುವುದು, ನೌಕರಿ ಸಿಕ್ಕಮೇಲೆ ಬಾಡಿಗೆ ಮನೆಗಾಗಿ ಜಾತಿ ಮುಚ್ಚಿಡುವುದು. ಆ ಕವಿತೆಗಳು ಎಲ್ಲಿ?

ಲೊವೆಲ್‌ನಿಂದ ಕಲಿಯಬೇಕಾದ ಎಚ್ಚರವೂ ಇದೆ. 1973ರಲ್ಲಿ ಬಂದ 'ದಿ ಡಾಲ್ಫಿನ್' ಸಂಕಲನಕ್ಕೆ, ತಾನು ಬಿಟ್ಟುಬಂದ ಹೆಂಡತಿ ಎಲಿಜಬೆತ್ ಹಾರ್ಡ್‌ವಿಕ್ ಬರೆದ ಖಾಸಗಿ ಪತ್ರಗಳ ಮಾತುಗಳನ್ನು ಅವಳನ್ನು ಕೇಳದೆ ಎತ್ತಿಕೊಂಡ, ಅಲ್ಲಲ್ಲಿ ತಿದ್ದಿಯೂ ಬಿಟ್ಟ. ಹಸ್ತಪ್ರತಿ ಓದಿದ ಗೆಳತಿ, ಕವಿ ಎಲಿಜಬೆತ್ ಬಿಷಪ್ 1972ರಲ್ಲೇ ಇದು ತಪ್ಪು ಅಂತ ಬರೆದಳು. ಪುಸ್ತಕ ಬಂದ ಮೇಲೆ ಏಡ್ರಿಯನ್ ರಿಚ್ ಬಹಿರಂಗವಾಗಿ ಖಂಡಿಸಿದಳು. 1974ರಲ್ಲಿ ಆ ಪುಸ್ತಕಕ್ಕೇ ಪುಲಿಟ್ಸರ್ ಬಹುಮಾನ ಬಂತು.

ನಮ್ಮಲ್ಲಿ ಏನಾಗುತ್ತಿದೆ? ಹಾಸ್ಟೆಲಿನಲ್ಲಿ ಕೂತ ಹುಡುಗ ಅವ್ವನ ಮೇಲೆ ಕವಿತೆ ಬರೆಯುತ್ತಾನೆ. ಗೌಡನ ಹೊಲದಲ್ಲಿ ಅವಳಿಗಾದ ಅವಮಾನ ಅದರಲ್ಲಿರುತ್ತದೆ. ಕವಿಗೋಷ್ಠಿಯಲ್ಲಿ ಚಪ್ಪಾಳೆ ಬೀಳುತ್ತದೆ. ಅವ್ವ ಮಾತ್ರ ನಾಳೆ ಬೆಳಿಗ್ಗೆ ಅದೇ ಹೊಲಕ್ಕೆ ಕಳೆ ಕೀಳಲು ಹೋಗಬೇಕು. ಹಾರ್ಡ್‌ವಿಕ್ ತಾನೇ ಲೇಖಕಿ, ಓದಿ ಸಿಟ್ಟಾಗಬಲ್ಲವಳು. ಓದು ಬಾರದ ಅವ್ವನಿಗೆ ತನ್ನ ಮಾನ ಅಚ್ಚಾಗಿದೆ ಅನ್ನುವುದೂ ಗೊತ್ತಿರುವುದಿಲ್ಲ. ಹಾಗಾದರೆ ಬರೆಯಬಾರದೇ? ಬರೆಯಲೇಬೇಕು. ಬಾಯಿ ಮುಚ್ಚು ಅನ್ನುವುದು ಗೌಡನ ಮಾತು. ಆದರೆ ಬರೆದದ್ದನ್ನು ಮೊದಲು ಅವಳಿಗೆ ಓದಿ ಹೇಳಬೇಕು. 'ಇದೊಂದು ಬ್ಯಾಡ ಕಣಪ್ಪ' ಅಂದರೆ ಆ ಸಾಲು ತೆಗೆಯಬೇಕು. 'ಸರಿಯಾಗಿ ಬರಿ, ಅವನ ಹೆಸರೂ ಹಾಕು' ಅಂದರೆ ಹಾಕಬೇಕು.

ಹೀಗೆ ನೆಟ್ಟಗೆ ನಿಂತು ಹೇಳುವುದಕ್ಕೆ ನಮ್ಮಲ್ಲಿ ಮಾದರಿ ಇದೆ. ಸಿದ್ದಲಿಂಗಯ್ಯನವರ 'ಊರುಕೇರಿ' ಕವಿಯೊಬ್ಬರು ಬರೆದ ಗದ್ಯ. ಇಬ್ಬರ ಹೆಗಲ ಮೇಲೆ ನೊಗವಿಟ್ಟು ಇನ್ನೊಬ್ಬ ಹೊಲ ಉಳುವ ದೃಶ್ಯ ಅದರಲ್ಲಿದೆ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ ಅಂತ ಹುಡುಗನಿಗೆ ತಿಳಿಯುತ್ತದೆ. ಅಲ್ಲಿ ಎದೆ ಬಡಿದುಕೊಳ್ಳುವುದಿಲ್ಲ, ಓದುಗನ ಕರುಣೆ ಬೇಡುವುದಿಲ್ಲ. ಪುಸ್ತಕದ ಉದ್ದಕ್ಕೂ ನಗು ಬೇರೆ. ಅಪ್ಪ ಎಲ್ಲೂ ಚಿಕ್ಕವರಾಗುವುದಿಲ್ಲ. ಚಿಕ್ಕದಾಗುವುದು ನೊಗ ಹೊರಿಸಿದ ಊರು.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಅರಿಕೆ. ನಿಮ್ಮ ಕ್ಲಾಸಿನ ಹುಡುಗನೋ ಹುಡುಗಿಯೋ ಕವಿತೆ ಹಿಡಿದು ಬಂದರೆ 'ಅನುಭವ ಚೆನ್ನಾಗಿದೆ' ಅಂತ ಬೆನ್ನು ತಟ್ಟಿ ಕಳಿಸಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ: ಇದರಲ್ಲಿ ಯಾರ್ಯಾರಿದ್ದಾರೆ? ಅವರಿಗೆ ಓದಿ ಹೇಳಿದೆಯಾ? ಹೊಡೆತ ತಿಂದವರು ಕಾಣುತ್ತಿದ್ದಾರೆ ಸರಿ, ಹೊಡೆದವನು ಎಲ್ಲಿ?