ಶೆಲ್ಲುಗಳ ನಡುವೆ ಮೊಳೆ ಜೋಡಿಸಿದವರು

ಹಳೆಯ ಅಚ್ಚಿನ ಹುಚ್ಚು ಹತ್ತಿದವರು ಪತ್ರಿಕೆ ಕೈಗೆ ಬಂದರೆ ಸುದ್ದಿಗಿಂತ ಮೊದಲು ಅಕ್ಷರ ನೋಡುತ್ತಾರೆ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಂದಕ ಪತ್ರಿಕೆ ‘ವೈಪರ್ಸ್ ಟೈಮ್ಸ್’ ಅನ್ನು ನಾನು ಓದುವುದೂ ಹಾಗೆಯೇ. ಬೆಲ್ಜಿಯಂನ ಈಪ್ರ (ಆ ಸೈನಿಕರ ಬಾಯಲ್ಲಿ ‘ವೈಪರ್ಸ್’) ಪಟ್ಟಣ ಶೆಲ್ ದಾಳಿಗೆ ನೆಲಕಚ್ಚಿದ್ದಾಗ, ಕ್ಯಾಪ್ಟನ್ ಫ್ರೆಡ್ ರಾಬರ್ಟ್ಸ್ ಅವರ ತುಕಡಿಗೆ ಅಲ್ಲೊಂದು ಮುದ್ರಣ ಯಂತ್ರ ಸಿಕ್ಕಿತು. ಸೇನೆಗೆ ಬರುವ ಮುಂಚೆ ಅಚ್ಚಿನ ಕೆಲಸದಲ್ಲಿದ್ದ ಸಾರ್ಜೆಂಟ್ ಒಬ್ಬರು ಅದನ್ನು ಸರಿಪಡಿಸಿದರು. 1916ರ ಫೆಬ್ರವರಿ 12ರಂದು ಮೊದಲ ಸಂಚಿಕೆ ಹೊರಬಂತು, ನೂರೇ ಪ್ರತಿ.

ಆ ಕೆಲಸದ ಕಷ್ಟವನ್ನು ಕಂಪೋಸಿಂಗ್ ಬಲ್ಲವರು ಮಾತ್ರ ಪೂರ್ತಿ ಅರಿಯಬಲ್ಲರು. ಅವರ ಬಳಿ ‘ಇ’ ಮತ್ತು ‘ವೈ’ ಅಚ್ಚುಮೊಳೆಗಳು ಸಾಲುತ್ತಿರಲಿಲ್ಲ. ಒಂದು ಪುಟ ಜೋಡಿಸಿ ಅಚ್ಚುಹಾಕಿ, ಅದನ್ನು ಬಿಚ್ಚಿ ಮೊಳೆಗಳನ್ನೆಲ್ಲ ಕೇಸಿಗೆ, ಅಂದರೆ ಮೊಳೆಪೆಟ್ಟಿಗೆಗೆ, ಸೇರಿಸಿದ ಮೇಲೆಯೇ ಮುಂದಿನ ಪುಟ. ಇಷ್ಟರ ನಡುವೆ ಹಿಲ್ 60 ಎಂಬ ರಣರಂಗದ ದಿಬ್ಬದಲ್ಲಿ ನಿವೇಶನ ಮಾರಾಟಕ್ಕಿದೆ ಎಂಬ ಜಾಹೀರಾತು ಬರೆಯುವ ಗುಂಡಿಗೆ ಅವರದು! ಸೈನಿಕರಿಂದ ಕವಿತೆಗಳು ಎಷ್ಟು ಬಂದವೆಂದರೆ, ದಯವಿಟ್ಟು ಗದ್ಯ ಕಳಿಸಿ ಎಂದು ಸಂಪಾದಕರು ಮೊರೆಯಿಟ್ಟರು. ಯಂತ್ರ ಶೆಲ್ಲಿಗೆ ಬಲಿಯಾಯಿತು. ತುಕಡಿ ಹೋದಲ್ಲೆಲ್ಲ ಪತ್ರಿಕೆಯ ಹೆಸರು ಬದಲಾಯಿತು. ಆದರೂ 1918ರ ಡಿಸೆಂಬರ್‌ವರೆಗೆ ಅದು ನಡೆಯಿತು.

ಅದೇ ಯುದ್ಧದಲ್ಲಿ ನಮ್ಮ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನವರು ಸೂಯೆಜ್ ಕಾಲುವೆ ಕಾದರು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದರು. ಈಪ್ರದಂತೆ ಅವರಿಗೂ ಯಂತ್ರವೊಂದು ಸಿಕ್ಕಿತೆನ್ನಿ. ಕನ್ನಡ ಮೊಳೆ ಎಲ್ಲಿಂದ ತರುವುದು? ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡದು, ಚಿಕ್ಕದು, ಅಂಕಿ, ಚಿಹ್ನೆ ಇದ್ದರೆ ಸಾಕು. ನಮಗೆ ಕಾಗುಣಿತ ಬೇಕು, ಒತ್ತಕ್ಷರ ಬೇಕು. ನೂರಾರು ಮನೆಗಳ ಕೇಸನ್ನು ಕುದುರೆಯ ಮೇಲೆ ಹೇರಲಾದೀತೆ?

ಕನ್ನಡಕ್ಕೆ ಒಗ್ಗುವುದು ಕಲ್ಲಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ತಂದ ‘ಮಂಗಳೂರ ಸಮಾಚಾರ’, ಅಂದರೆ ನಮ್ಮ ಮೊದಲ ಪತ್ರಿಕೆಯೇ, ಕಲ್ಲಚ್ಚಿನದು. ಕೈಬರಹ ಚೆನ್ನಾಗಿರುವ ಒಬ್ಬ ಸಿಪಾಯಿ, ಒಂದು ನಯವಾದ ಕಲ್ಲು, ಮಸಿ ಇದ್ದರೆ ಒತ್ತಕ್ಷರದ ತಾಪತ್ರಯವೇ ಇಲ್ಲ. ಫ್ರೆಂಚ್ ಸೈನಿಕರ ಎಷ್ಟೋ ಕಂದಕ ಪತ್ರಿಕೆಗಳು ಕೈಯಲ್ಲಿ ಬರೆದು ಪ್ರತಿ ತೆಗೆದವೇ ಆಗಿದ್ದವು.

ನಮ್ಮ ಸೈನಿಕರಿಗೆ ಪತ್ರಿಕೆಯೇ ಇರಲಿಲ್ಲವೆಂದಲ್ಲ: 1909ರಲ್ಲಿ ಶುರುವಾದ ‘ಫೌಜಿ ಅಖ್ಬಾರ್’ 1954ರಲ್ಲಿ ‘ಸೈನಿಕ್ ಸಮಾಚಾರ್’ ಆಯಿತು, ಮುಂದೆ ಕನ್ನಡದಲ್ಲೂ ಬಂತು. ಅದಕ್ಕೆ ನನ್ನ ಗೌರವವಿದೆ. ಆದರೆ ಅದು ಸರ್ಕಾರ ಸೈನಿಕರಿಗೆ ಕೊಟ್ಟ ಪತ್ರಿಕೆ. ಮಣ್ಣು ಮೆತ್ತಿದ ಕೈಯಿಂದ ಪಕ್ಕದ ಜೊತೆಗಾರನಿಗೆಂದೇ ಅಚ್ಚಾದದ್ದರ ರುಚಿ ಬೇರೆ.

ಹಳೆಯ ಕಂಪೋಸಿಟರುಗಳಿಗೆ ಒಂದು ಮಾತು: ‘ವೈಪರ್ಸ್ ಟೈಮ್ಸ್’ನ ಮರುಮುದ್ರಣಗಳಿವೆ. ಸಿಕ್ಕರೆ ಲೇಖನಗಳನ್ನು ಬದಿಗಿಟ್ಟು ಮೊದಲು ಜಾಹೀರಾತಿನ ಪುಟಗಳನ್ನು ನೋಡಿ. ಆ ಸಾರ್ಜೆಂಟರ ಕೈಚಳಕ ಹೆಚ್ಚು ಕಾಣುವುದು ಅಲ್ಲೇ.