ರಸ್ತೆಗಿಳಿಯದ ಕಾರುಗಳು

ಕಾರಿನ ವಿಷಯ ಬರೆಯಲು ಇವಳಿಗೇನು ಗೊತ್ತು ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ಇಪ್ಪತ್ತೊಂಬತ್ತು ವರ್ಷಗಳಿಂದ ಬಸ್ಸಿನಲ್ಲಿ ಶಾಲೆಗೆ ಹೋಗಿಬರುವ ಮೇಷ್ಟರಮ್ಮ ನಾನು. ನಮ್ಮ ಮನೆಯವರ ಹಳೆಯ ಕಾರಿನಲ್ಲಿ ತೊಡೆಯ ಮೇಲೆ ಹಣ್ಣುಕಾಯಿ ಬುಟ್ಟಿ ಇಟ್ಟುಕೊಂಡು ದೇವಸ್ಥಾನಕ್ಕೆ ಹೋಗುವುದಷ್ಟೇ ನನ್ನ ಕಾರಿನ ಅನುಭವ. ಹಾಗಿದ್ದೂ ಈ ಸಲ ಗೌರಿ ಹಬ್ಬದ ರಜೆಯನ್ನೆಲ್ಲ ನಾನು ಕಾರುಗಳ ಪುಸ್ತಕ ಓದುತ್ತಾ ಕಳೆದೆ. ಅದೂ ರಸ್ತೆಗೆ ಇಳಿಯದೇ ಹೋದ ಕಾರುಗಳು.

ಹಬ್ಬಕ್ಕೆ ನನ್ನ ಅಕ್ಕನ ಮಗಳು ಪುಣೆಯಿಂದ ಬಂದಿದ್ದಳು. ಅಲ್ಲಿ ಒಂದು ವಾಹನ ಕಾರ್ಖಾನೆಯಲ್ಲಿ ಅವಳು ಎಂಜಿನಿಯರ್. ಅವಳ ಎಂಟು ವರ್ಷದ ಮಗ ಒಂದು ಪೆಟ್ಟಿಗೆ ಬಿಚ್ಚಿಕೊಂಡು ನಡುಮನೆಯಲ್ಲಿ ಕುಳಿತ. ಒಳಗೆ ಬಳ್ಳಿಗೆ ಅವರೆಕಾಯಿ ಜೋತುಬಿದ್ದ ಹಾಗೆ ಪ್ಲಾಸ್ಟಿಕ್ಕಿನ ಕಡ್ಡಿಗೆ ಅಂಟಿಕೊಂಡ ನೂರಾರು ಚೂರುಗಳು. ಬಿಡಿಸಿ, ಉಜ್ಜಿ, ಅಂಟಿಸಿದರೆ ಅಂಗೈ ಅಗಲದ ಕಾರು. ಪೆಟ್ಟಿಗೆಯ ಜೊತೆಗಿದ್ದ ಹಾಳೆಯಲ್ಲಿ ಇನ್ನೊಂದು ಕೆಂಪು ಕಾರಿನ ಚಿತ್ರ, ಕೆಳಗೆ ‘ಶೀಘ್ರದಲ್ಲೇ ಬರಲಿದೆ’ ಎಂಬ ಸಾಲು. ಹುಡುಗ ಎರಡು ವರ್ಷದಿಂದ ಅದಕ್ಕಾಗಿ ಕಾಯುತ್ತಿದ್ದಾನೆ, ಅದು ಬಂದಿಲ್ಲ.

“ಬರಲ್ಲ ಬಿಡು ಪುಟ್ಟ” ಎಂದಳು ಅವನ ತಾಯಿ. ಆಮೇಲೆ ನನಗೆ ವಿವರಿಸಿದಳು. ಇಂಥದೊಂದು ಕಿಟ್ ಮಾಡಬೇಕಾದರೆ ಹಿಂದೆಲ್ಲ ಮೊದಲು ಮರದಲ್ಲಿ ದೊಡ್ಡ ಅಳತೆಯ ಮಾದರಿ ಕೆತ್ತಬೇಕಿತ್ತು, ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಂತರ ಉಕ್ಕಿನಲ್ಲಿ ಅಚ್ಚು ಕೊರೆಯಬೇಕು. ದುಡ್ಡು ನುಂಗುವುದು ಆ ಅಚ್ಚು. ಅದಕ್ಕೂ ಮುಂಚೆಯೇ ಪೆಟ್ಟಿಗೆಯ ಚಿತ್ರ ಬರೆಸಿ, ಕ್ಯಾಟಲಾಗಿನಲ್ಲಿ ಹಾಕಿಬಿಡುವುದುಂಟು. ಅಂಗಡಿಯವರ ಬೇಡಿಕೆ ಸಾಲದಿದ್ದರೆ, ಕಂಪನಿ ಕೈ ಬದಲಾದರೆ, ಅಸಲಿ ಕಾರಿನವರು ಅನುಮತಿ ಕೊಡದಿದ್ದರೆ ಅಚ್ಚು ಕೊರೆಯುವುದೇ ಇಲ್ಲ. ಚಿತ್ರ ಉಳಿಯುತ್ತದೆ, ಕಾರು ಬರುವುದಿಲ್ಲ. ಮದುವೆಯ ಕರೆಯೋಲೆ ಅಚ್ಚಾಗಿ ಮದುವೆ ನಿಂತುಹೋದ ಹಾಗೆ ಎಂದುಕೊಂಡೆ.

“ಚಿಕ್ಕಮ್ಮ, ಇದಕ್ಕಿಂತ ದೊಡ್ಡ ಕಥೆ ಇದರಲ್ಲಿದೆ, ಓದಿ” ಎಂದು ಅವಳು ಚೀಲದಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದಿಟ್ಟಳು. ಅಮೆರಿಕದ ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸ್ಪರ್ಧೆಯ ಬಗ್ಗೆ ಜಾನ್ ಜೇಕಬಸ್ 2005ರಲ್ಲಿ ಬರೆದ ಸಚಿತ್ರ ಇತಿಹಾಸ ಅದು.

ಜನರಲ್ ಮೋಟರ್ಸ್ ಕಂಪನಿಯ ಕಾರುಗಳಿಗೆ ಮೈಕಟ್ಟು ಮಾಡಿಕೊಡುತ್ತಿದ್ದ ವಿಭಾಗ ಫಿಶರ್ ಬಾಡಿ. ನೆಪೋಲಿಯನ್ ಕಾಲದ ಒಂದು ಸಾರೋಟು ಅವರ ಮುದ್ರೆ. 1930ರಲ್ಲಿ ಅವರು ಹನ್ನೆರಡು ವರ್ಷ ದಾಟಿದ ಹುಡುಗರಿಗೆಂದು ಈ ಸ್ಪರ್ಧೆ ಶುರುಮಾಡಿದರು. ಮೊದಮೊದಲು ಆ ಸಾರೋಟಿನದೇ ಪುಟ್ಟ ಪ್ರತಿರೂಪ ಮಾಡಬೇಕಿತ್ತು. ನಕ್ಷೆಯನ್ನು ಕಂಪನಿಯೇ ಕಳಿಸುತ್ತಿತ್ತು. ಸಿದ್ಧ ಚೂರುಗಳಿಲ್ಲ. ಮರ ಕೆತ್ತಿ, ಲೋಹ ಬಡಿದು, ಒಳಗಿನ ಮೆತ್ತೆಯ ಬಟ್ಟೆಯನ್ನೂ ಹೊಲಿಯಬೇಕು. ನೂರಾರು ಗಂಟೆಗಳ ಕೆಲಸ. ಗೆದ್ದವರಿಗೆ 5000 ಡಾಲರಿನವರೆಗೆ ವಿದ್ಯಾರ್ಥಿವೇತನ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಗಂಡಸರು ಕೆಲಸ ಕಳೆದುಕೊಂಡು ಬೀದಿಯಲ್ಲಿದ್ದ ಆ ವರ್ಷಗಳಲ್ಲಿ ಆ ದುಡ್ಡೆಂದರೆ ಒಂದು ಮನೆಯ ಹಣೆಬರಹವೇ ಬದಲಾಗುವಷ್ಟು.

ಸಾರೋಟಿನ ಚಿತ್ರಗಳನ್ನು ನೋಡಿ ನಾನು ಬೆರಗಾದೆ, ಆದರೆ ಮನಸ್ಸು ಅರಳಲಿಲ್ಲ. ಅದು ಕಾಪಿ ಪುಸ್ತಕದ ಅಕ್ಷರ. ಎಷ್ಟೇ ದುಂಡಗಿದ್ದರೂ ಮೇಲಿನ ಸಾಲು ಬೇರೆಯವರದು. 1937ರಿಂದ ಸ್ವಂತ ಕಲ್ಪನೆಯ ಕಾರಿಗೂ ಅವಕಾಶ ಸಿಕ್ಕಿತು. 1948ರ ನಂತರ ಸಾರೋಟು ಪೂರ್ತಿ ಹೋಗಿ ಕಾರೇ ಉಳಿಯಿತು. ಅಸಲಿಯ ಹನ್ನೆರಡನೇ ಒಂದು ಪಾಲಿನ ಅಳತೆ. ಮರ, ಪ್ಲಾಸ್ಟರ್, ಹಿತ್ತಾಳೆ ತಗಡು, ಪದರಪದರವಾಗಿ ಬಣ್ಣ. ಮನೆಯ ಹಿತ್ತಿಲಲ್ಲಿ, ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಮಾಡಿ, ಮರದ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದು ಕಳಿಸುತ್ತಿದ್ದರು. ಇದು 1968ರವರೆಗೂ ನಡೆಯಿತು.

ಈ ಕಾರುಗಳನ್ನು ಒಬ್ಬ ಮೇಷ್ಟರಮ್ಮನ ಕಣ್ಣಿನಿಂದ ನೋಡಿದರೆ ಎರಡು ಮಾತು ಹೇಳಬೇಕೆನಿಸುತ್ತದೆ. ಮೊದಲನೆಯದು, ಕಲ್ಪನೆ ಸ್ವಂತದ್ದು ಎನ್ನುತ್ತಾರಾದರೂ ಒಂದು ಕಾಲದ ಕಾರುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿವೆ. ಐವತ್ತರ ದಶಕದಲ್ಲಿ ಹಿಂಬದಿಗೆ ಮೀನಿನ ರೆಕ್ಕೆ, ತಲೆಯ ಮೇಲೆ ಗಾಜಿನ ಗುಳ್ಳೆ. ಪರೀಕ್ಷಕರ ಮನಸ್ಸು ಓದಿ ಬರೆದ ಉತ್ತರಗಳು ಇವು. ಪ್ರಬಂಧ ಸ್ಪರ್ಧೆಯಲ್ಲಿ ‘ಪರಿಸರ’ ಎಂದು ಕೊಟ್ಟರೆ ನಲವತ್ತು ಮಕ್ಕಳೂ ಒಂದೇ ವಾಕ್ಯದಿಂದ ಶುರುಮಾಡುವುದಿಲ್ಲವೇ, ಹಾಗೆ. ಎರಡನೆಯದು, ಅನೇಕ ಕಾರುಗಳು ಒಳಗೆ ಗಟ್ಟಿ ಮರ. ಕಿಟಕಿಯ ಜಾಗಕ್ಕೆ ಬಣ್ಣ ಬಳಿದಿದೆ. ಯಾರು ಎಲ್ಲಿ ಕೂರುತ್ತಾರೆ, ಮಗುವನ್ನು ಎತ್ತಿಕೊಂಡವಳು ಹೇಗೆ ಹತ್ತುತ್ತಾಳೆ, ಸಂತೆಯ ಚೀಲ ಎಲ್ಲಿಡುತ್ತಾಳೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಹೊರಗಿನಿಂದ ನೋಡುವವರಿಗಾಗಿ ಮಾಡಿದ ಕಾರುಗಳು.

ಆದರೂ ಅವುಗಳ ಗೆರೆಗಳಲ್ಲಿ ಒಂದು ಹುರುಪಿದೆ. ಹದಿನೈದು ಹದಿನಾರರ ಹುಡುಗ ಒಂದು ಮರದ ತುಂಡನ್ನು ಗಾಳಿಯಲ್ಲಿ ಜಾರಿಹೋಗುವ ಹಾಗೆ ಉಜ್ಜಿದ್ದಾನೆ. ಅದನ್ನು ಕಂಡರೆ ಯಾರಿಗಾದರೂ ಕೈಯಾಡಿಸಬೇಕೆನಿಸುತ್ತದೆ. ಹೊಸ ಮಾದರಿಯ ಪ್ಲಾಸ್ಟಿಕ್ ಕಿಟ್‌ನಲ್ಲಿ ಈ ಗುಣ ಇಲ್ಲ. 1958ರಲ್ಲಿ ಎ.ಎಂ.ಟಿ. ಎಂಬ ಅಮೆರಿಕದ ಕಂಪನಿ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯ ಕಾರು ಮಾಡಬಹುದಾದ ಕಿಟ್ ತಂದಿತು. ಅಂಗಡಿಯಲ್ಲಿದ್ದಂತೆಯೇ, ಅಲಂಕರಿಸಿ, ಇಲ್ಲವೇ ಪಂದ್ಯದ ಕಾರಾಗಿ. ಮೂರರಲ್ಲಿ ಆರಿಸಿಕೊಳ್ಳಬಹುದು, ನಾಲ್ಕನೆಯದು ಮಾಡುವ ಹಾಗಿಲ್ಲ.

ಗಿಲ್ಡ್‌ನ ಕಾರುಗಳನ್ನು ರಸ್ತೆಗಿಳಿಸುವ ಉದ್ದೇಶ ಕಂಪನಿಗೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ಕಾರಲ್ಲ, ಹುಡುಗ. 1947ರಲ್ಲಿ ಗೆದ್ದ ಚಾರ್ಲ್ಸ್ ಜೋರ್ಡನ್ ಎಂಬ ವಿದ್ಯಾರ್ಥಿ ಎರಡು ವರ್ಷದಲ್ಲಿ ಜನರಲ್ ಮೋಟರ್ಸ್ ಸೇರಿದ. 1986ರಲ್ಲಿ ಅಲ್ಲಿನ ಇಡೀ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಅವನೊಬ್ಬನೇ ಅಲ್ಲ, ಇನ್ನೂ ಹಲವರು ಇದೇ ಬಾಗಿಲಿನಿಂದ ಒಳಗೆ ಹೋದವರು. ಕಾರು ಆಗದಿದ್ದರೂ ಮನುಷ್ಯ ಆದ. ಇಷ್ಟು ಓದಿ ಮುಗಿಸಿದಾಗ ನನಗೆ ಸಂತೋಷವೇ ಆಗಿತ್ತು. ಶಾಲೆಗಳೂ ಹೀಗೆ ಮಾಡಬಾರದೇ ಎಂದುಕೊಂಡೆ.

“ಚಿಕ್ಕಮ್ಮ, ಹುಡುಗಿಯರು ಎಲ್ಲಿದ್ದಾರೆ ನೋಡಿದಿರಾ?” ಎಂದಳು ಇವಳು, ಕಡುಬಿಗೆ ಹೂರಣ ತುಂಬುತ್ತಾ.

ಎಲ್ಲೂ ಇರಲಿಲ್ಲ. ಸ್ಪರ್ಧೆ ಗಂಡುಹುಡುಗರಿಗೆ ಮಾತ್ರ. ಸಾರೋಟಿನೊಳಗಿನ ಹೊಲಿಗೆಯನ್ನೂ ಹುಡುಗರಿಂದಲೇ ಮಾಡಿಸಿದರು, ಸೂಜಿ ಹಿಡಿಯಬಲ್ಲ ಹುಡುಗಿಯರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ತಮಾಷೆಯೆಂದರೆ, ಐವತ್ತರ ದಶಕದಲ್ಲಿ ಅದೇ ಕಂಪನಿಯ ವಿನ್ಯಾಸದ ಯಜಮಾನ ಹಾರ್ಲಿ ಅರ್ಲ್ ಹಲವು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದ. ಕಾರು ಆರಿಸುವಾಗ ಮನೆಯ ಹೆಂಗಸಿನ ಮಾತು ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವರಲ್ಲಿ ಹಲವರು ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿ ವಿನ್ಯಾಸ ಓದಿ ಬಂದವರು. ಪ್ರಚಾರ ವಿಭಾಗ ಅವರನ್ನು ‘ವಿನ್ಯಾಸದ ಕನ್ಯೆಯರು’ ಎಂದು ಕರೆಯಿತು, ಅದು ಅವರಿಗೆ ಹಿಡಿಸಲಿಲ್ಲ. 1958ರಲ್ಲಿ ಅವರು ಸಿಂಗರಿಸಿದ ಕಾರುಗಳದೊಂದು ಪ್ರದರ್ಶನ ನಡೆಯಿತು. ರುತ್ ಗ್ಲೆನಿ ಎಂಬಾಕೆ ತನ್ನ ಕಾರ್ವೆಟ್ ಕಾರಿಗೆ ನಾಲ್ಕು ಋತುವಿಗೆ ನಾಲ್ಕು ಬಗೆಯ ಸೀಟು ಕವರು ಮಾಡಿದ್ದಳು. ಅದೇ ವರ್ಷದ ಕೊನೆಗೆ ಅರ್ಲ್ ನಿವೃತ್ತನಾದ. ಅವನ ನಂತರ ಬಂದ ಬಿಲ್ ಮಿಚೆಲ್‌ಗೆ ಇದರಲ್ಲಿ ಒಲವಿರಲಿಲ್ಲ. ಪ್ರದರ್ಶನ ಮುಂದುವರಿಯಲಿಲ್ಲ, ಹೆಚ್ಚಿನವರು ಬಿಟ್ಟುಹೋದರು. ಸುಜಾನ್ ವ್ಯಾಂಡರ್‌ಬಿಲ್ಟ್ ಎಂಬಾಕೆ ಮಾತ್ರ 1977ರವರೆಗೂ ಹಲ್ಲು ಕಚ್ಚಿ ನಿಂತಳು.

ಈ ಹೆಂಗಸರಿಗೆ ಕಂಪನಿ ಬಹುಮಟ್ಟಿಗೆ ಕೊಟ್ಟ ಕೆಲಸ ಕಾರಿನ ಒಳಭಾಗ. ಬಣ್ಣ, ಬಟ್ಟೆ, ಹಿಡಿಕೆ. ಹೊರಗಿನ ಗೆರೆ ಗಂಡಸರದು, ಒಳಗಿನ ಅನುಕೂಲ ಹೆಂಗಸರದು. ಹುಡುಗರ ಮರದ ಕಾರುಗಳಲ್ಲಿ ಕೂರಲು ಜಾಗವಿಲ್ಲದ್ದು ಈಗ ನನಗೆ ಬೇರೆ ಥರ ಕಂಡಿತು. ಜಗತ್ತಿನ ಎರಡು ಅರ್ಧಗಳನ್ನು ಎಳೆಯ ವಯಸ್ಸಿನಲ್ಲೇ ಬೇರೆಬೇರೆ ಕೋಣೆಯಲ್ಲಿ ಕೂರಿಸಿದರೆ ಕಾರು ಹೀಗಲ್ಲದೆ ಇನ್ನು ಹೇಗಾದೀತು?

ಕಂಪನಿಯನ್ನು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವಳು ತಣ್ಣಗೆ ಕೇಳಿದಳು, “ನಿಮ್ಮ ಶಾಲೆಯ ವಸ್ತುಪ್ರದರ್ಶನ ನೆನಪಿದೆಯಾ?”

ಎಂಟನೇ ತರಗತಿಗೆ ಅವಳು ನಮ್ಮ ಮನೆಯಲ್ಲಿದ್ದು, ನಮ್ಮ ಶಾಲೆಗೇ ಬರುತ್ತಿದ್ದಳು. ಆ ವರ್ಷ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಕಾರು ಬರೆದು ನನಗೆ ತೋರಿಸಿದ್ದಳಂತೆ. ರಟ್ಟಿನ ಮೈ, ಹಳೆ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಚಕ್ರ, ಅಜ್ಜಿಯನ್ನು ಗಾಲಿಕುರ್ಚಿಯ ಸಮೇತ ಹತ್ತಿಸಲು ಹಿಂದೆ ಒಂದು ಇಳಿಜಾರು ಹಲಗೆ. ಆಗ ನಮ್ಮಮ್ಮ ಸೊಂಟದ ಮೂಳೆ ಮುರಿದುಕೊಂಡಿದ್ದ ಕಾಲ. ನಾನು ಹೇಳಿದ್ದು ಇಷ್ಟೇ: “ಮಾಡೆಲ್ ಹುಡುಗರು ಮಾಡ್ತಾರೆ. ನಿನ್ನ ಅಕ್ಷರ ಚೆನ್ನಾಗಿದೆ, ಚಾರ್ಟ್ ಬರಿ. ಬಾಗಿಲಿಗೆ ರಂಗೋಲಿ ಹಾಕು.”

ನನಗೆ ಇದು ನೆನಪಿಲ್ಲ. ನೆನಪಿಲ್ಲ ಎಂಬುದೇ ನನ್ನನ್ನು ಹೆಚ್ಚು ಚುಚ್ಚಿತು. ಬೈದಿದ್ದರೆ, ಹೊಡೆದಿದ್ದರೆ ನೆನಪಿರುತ್ತಿತ್ತು. ಇದು ಪ್ರತಿ ವರ್ಷ ನಲವತ್ತು ಮಕ್ಕಳಿಗೆ ಆಡಿದ ಮಾತು. ಚಾರ್ಟಿಗೆ ಅವಳಿಗೆ ಸಮಾಧಾನಕರ ಬಹುಮಾನವೂ ಬಂತಂತೆ, ಒಂದು ಸ್ಟೀಲ್ ಲೋಟ.

“ನೀನು ಹೇಗಿದ್ದರೂ ಎಂಜಿನಿಯರ್ ಆದೆಯಲ್ಲೇ” ಎಂದೆ, ನನ್ನನ್ನೇ ಸಮಾಧಾನ ಮಾಡಿಕೊಳ್ಳಲು.

“ನಾನು ಆದೆ ಚಿಕ್ಕಮ್ಮ. ನನ್ನ ಜೊತೆ ರಂಗೋಲಿ ಹಾಕಿದ ಉಳಿದ ಐದು ಜನ?”

ಉತ್ತರ ನನ್ನಲ್ಲಿರಲಿಲ್ಲ. ಗಿಲ್ಡ್‌ನ ಹುಡುಗರ ಕಾರುಗಳು ಓಡದಿದ್ದರೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿ ಕೆಲವಾದರೂ ಉಳಿದಿವೆ. ನಮ್ಮ ಹುಡುಗನ ಕೆಂಪು ಕಾರಿಗೆ ಕ್ಯಾಟಲಾಗಿನ ಚಿತ್ರವಾದರೂ ಇದೆ. ಇಳಿಜಾರು ಹಲಗೆಯ ಆ ಕಾರು ಇದ್ದ ನೋಟ್‌ಬುಕ್ಕನ್ನು ಆ ಬೇಸಿಗೆಯಲ್ಲೇ ನಾನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿರಬೇಕು.

ಹಬ್ಬ ಮುಗಿಸಿ ಅವಳು ಹೊರಟಳು. ಪುಸ್ತಕ ಮರೆತು ಹೋದಳೋ, ಬಿಟ್ಟು ಹೋದಳೋ, ನನ್ನ ಮೇಜಿನ ಮೇಲೇ ಇದೆ. ಹೋದ ವಾರ ಈ ವರ್ಷದ ವಸ್ತುಪ್ರದರ್ಶನದ ಪಟ್ಟಿ ಬರೆಯಲು ಕುಳಿತೆ. ಅಭ್ಯಾಸದಂತೆ ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆಯಲು ಹೋದವಳು ಕೈ ತೆಗೆದೆ. ಒಂದೇ ಪಟ್ಟಿ ಮಾಡಿ ತರಗತಿಯಲ್ಲಿ ಓದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಗಾಬರಿಯಿಂದ ಎದ್ದುನಿಂತ. “ಮಿಸ್, ಹಾಗಾದ್ರೆ ರಂಗೋಲಿ ಯಾರು ಹಾಕ್ತಾರೆ?”

ಎದ್ದು ನಿಂತವನ ಹೆಸರನ್ನೇ ಬರೆದುಕೊಂಡೆ.